ಪ್ರಸಂಗಪ್ರತಿಗಳೂ ಪ್ರದರ್ಶನಕಲೆಗಳ ಸಾಮಾನ್ಯ ಪದಾವಳಿಯೂ

ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದವರಿಗೆಲ್ಲ ಅನುಭವಕ್ಕೆ ಬಂದಿರುವ ಸಂಗತಿಯೊಂದಿದೆ. ಒಂದೇ ಗ್ರಂಥವು ನಾಲ್ಕು ಭಂಡಾರಗಳಲ್ಲಿ ನಾಲ್ಕು ಹೆಸರುಗಳಿಂದ ಇರುತ್ತದೆ. ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆಬೇರೆ ಗ್ರಂಥಗಳೂ ಇರುತ್ತವೆ. ಆಫ್ರೆಕ್ಟನು ೧೮೯೧ರಿಂದ ೧೯೦೩ರವರೆಗೆ ಮೂರು ಭಾಗಗಳಲ್ಲಿ ಹೊರತಂದ ಸಂಸ್ಕೃತ ಗ್ರಂಥಗಳ ಮಹಾಸೂಚಿಯಾಗಲಿ, ಎಚ್. ಡಿ. ವೇಲಣಕರರ 'ಜಿನರತ್ನಕೋಶ'ವಾಗಲಿ (೧೯೪೪), ನಮ್ಮವರೇ ಆದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯಾಗಲಿ (೧೯೪೮) ನಮಗೆ ಮಾಡಿದ ದೊಡ್ಡ ಉಪಕಾರವೆಂದರೆ, ಈ ಹೆಸರುಗಳ ಗೊಂದಲವನ್ನು ಆದಷ್ಟು ಬಿಡಿಸಿ, ಕರ್ತೃ, ಗ್ರಂಥ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಪಂಕ್ತಿಗಳ ಸಂಖ್ಯೆ ಎಂಬ ಕೆಲವೇ ಅಂಕಣಗಳನ್ನು ಎಲ್ಲರೂ ಒಪ್ಪಿ ಬಳಸುವಂತೆ ಮಾಡಿದುದು. ಇಂದು ನಾವು ಒಂದು ಭಂಡಾರದ ಸೂಚಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಬಲ್ಲೆವಾದರೆ ಅದು ಆ ಒಪ್ಪಂದದ ಫಲ.

ಈಗ ಅದೇ ಒಪ್ಪಂದವನ್ನು ನಾಟಕ, ನೃತ್ಯ, ಸಂಗೀತಗಳ ವಿಷಯದಲ್ಲಿ ಗಣಕಯಂತ್ರದ ಮೂಲಕ ಜಗತ್ತಿಗೆಲ್ಲ ಅನ್ವಯಿಸುವ ಪ್ರಯತ್ನಗಳು ಎರಡು ದಶಕಗಳಿಂದ ನಡೆಯುತ್ತಿವೆ. ಪ್ರದರ್ಶನವೆಂದರೇನು, ಪ್ರಯೋಗವೆಂದರೇನು, ಪಾತ್ರಧಾರಿಗೂ ಪಾತ್ರಕ್ಕೂ ಇರುವ ಸಂಬಂಧವನ್ನು ಯಾವ ಸಂಕೇತದಿಂದ ಗುರುತಿಸಬೇಕು, ಒಂದು ದೇಶದ ಗ್ರಂಥಾಲಯವು ಬರೆದಿಟ್ಟ ವಿವರವನ್ನು ಇನ್ನೊಂದು ದೇಶದ ವಸ್ತುಸಂಗ್ರಹಾಲಯದ ಯಂತ್ರವು ತಪ್ಪಿಲ್ಲದೆ ಓದಿಕೊಳ್ಳುವಂತೆ ಹೇಗೆ ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ 'ಸಾಮಾನ್ಯ ಪದಾವಳಿ'ಗಳು ಸಿದ್ಧವಾಗಿವೆ. ಇದು ಹಸ್ತಪ್ರತಿಶಾಸ್ತ್ರದವರಿಗೆ ಸಂಬಂಧಿಸದ ವಿಷಯವೆಂದು ಕೆಲವರು ಭಾವಿಸಬಹುದು. ಹಾಗಲ್ಲವೆಂಬುದು ನಮಗೆ ಒಂದು ಓಲೆಯ ಕಟ್ಟಿನಿಂದ ಮನವರಿಕೆಯಾಯಿತು.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಹಳ್ಳಿಮನೆಯಲ್ಲಿ ಯಕ್ಷಗಾನ ಪ್ರಸಂಗಗಳ ಓಲೆಗರಿಗಳನ್ನು ನೋಡುವ ಅವಕಾಶ ದೊರೆಯಿತು. ಆ ಕಟ್ಟುಗಳನ್ನು ನಮಗಿಂತ ಮೊದಲೇ ಒಂದು ಸಂಸ್ಥೆಯವರು ಬಂದು ನೋಡಿ ವಿವರಪತ್ರಗಳನ್ನು ತುಂಬಿಸಿ ಗಣಕಕ್ಕೆ ಏರಿಸಿದ್ದರು. ಒಂದು ಪ್ರತಿಯ ಬಗೆಗೆ ಅವರು ಕೊಟ್ಟ ವಿವರ ಇಷ್ಟು: ಕಾವ್ಯ, ಅಜ್ಞಾತಕರ್ತೃಕ, ಅಪೂರ್ಣ, ಅಶುದ್ಧ. ಗರಿಗಳ ಎಣಿಕೆ ಸರಿಯಾಗಿತ್ತು, ಉದ್ದಗಲಗಳೂ ಸರಿಯಾಗಿದ್ದವು. ಆದರೆ ಪ್ರತಿಯನ್ನು ಬಿಚ್ಚಿ ನೋಡಿದಾಗ ಹಲವು ಪದಗಳ ತಲೆಯ ಮೇಲೆ ಕಂಠದಿಂದ ಗೀರಿದ ಸಣ್ಣ ಅಡ್ಡಗೆರೆ ಕಂಡಿತು. ಕೆಲವೆಡೆ ಮೂಲದಲ್ಲಿದ್ದ ತಾಳದ ಹೆಸರಿನ ಬದಿಯಲ್ಲಿ ಬೇರೆ ಕೈಬರಹದಲ್ಲಿ ಮತ್ತೊಂದು ತಾಳದ ಹೆಸರಿತ್ತು. ನಡುವೆ ಕಥೆ ಹಾರಿದಂತೆ ತೋರುತ್ತಿತ್ತು. ಲಿಪಿಕಾರನ ಪ್ರಮಾದವಿರಬೇಕೆಂದು ನಾವು ಆಡಿಕೊಂಡುದನ್ನು ಕೇಳಿ ಮನೆಯ ಹಿರಿಯರು ನಕ್ಕರು. "ಅದು ತಪ್ಪಲ್ಲ ಸ್ವಾಮಿ, ಬಿಟ್ಟ ಪದಗಳು. ಬೆಳಗಾಗುವ ಮೊದಲು ಆಟ ಮುಗಿಯಬೇಕಲ್ಲ?" ಎಂದರು. ಅದು ಭಾಗವತನೊಬ್ಬನು ರಂಗಸ್ಥಳದಲ್ಲಿ ಬಳಸಿದ ಪ್ರತಿ. ಅಡ್ಡಗೆರೆ ಹಾಕಿದುದು ಅವನು ಹಾಡದೆ ಬಿಟ್ಟ ಪದಗಳಿಗೆ. ಬದಲಾದ ತಾಳದ ಹೆಸರು ಅವನ ಮೇಳದ ಕ್ರಮ. ಕಥೆ ಹಾರಿದ ಸ್ಥಳದಲ್ಲಿ ಅರ್ಥಧಾರಿಗಳು ತಮ್ಮ ಮಾತಿನಿಂದ ಸೇತುವೆ ಕಟ್ಟುತ್ತಿದ್ದರು. 'ಅಪೂರ್ಣ' ಎಂದು ದಾಖಲಾದ ಆ ಪ್ರತಿ, ಆಟದ ದೃಷ್ಟಿಯಿಂದ ನೋಡಿದರೆ, ನಾವು ಅಲ್ಲಿ ಕಂಡ ಎಲ್ಲ ಪ್ರತಿಗಳಿಗಿಂತ ಪೂರ್ಣವಾದುದು.

ವಿವರಪತ್ರವನ್ನು ತುಂಬಿದವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಆ ಅಡ್ಡಗೆರೆಗೆ ಜಾಗವೇ ಇರಲಿಲ್ಲ. ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾಗಿ 'ಕೃತಿಸಂಪದ'ವೆಂಬ ದತ್ತಾಂಶಸಂಗ್ರಹವು ರೂಪುಗೊಂಡ ಮೇಲೆ ನಮ್ಮ ದೇಶದ ಹಸ್ತಪ್ರತಿಗಳ ವಿವರಗಳು ಒಂದೆಡೆ ಸೇರತೊಡಗಿದವು. ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಇಂಥ ನಮೂನೆಗಳು ಗ್ರಂಥವನ್ನು ಓದುವವನ ಕಣ್ಣಿನಿಂದ ಹುಟ್ಟಿದವು. ಆಡುವವನ ಕೈಯಲ್ಲಿದ್ದ ಗ್ರಂಥಕ್ಕೆ ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಆ ಪ್ರಶ್ನೆಗಳನ್ನು ಪ್ರದರ್ಶನಕಲೆಗಳ ಹೊಸ ಪದಾವಳಿಗಳು ಕೇಳುತ್ತವೆಯೆ, ಕೇಳಿದರೆ ಹೇಗೆ ಕೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಅವುಗಳ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟವು ೧೯೯೮ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಗ್ರಂಥವೆಂಬ ಒಂದೇ ಮಾತಿನಲ್ಲಿ ಅಡಗಿರುವ ನಾಲ್ಕು ನೆಲೆಗಳನ್ನು ಬೇರ್ಪಡಿಸಲಾಯಿತು: ಕರ್ತೃವಿನ ಕಲ್ಪನೆಯಲ್ಲಿರುವ ಕೃತಿ, ಅದು ಶಬ್ದಗಳಲ್ಲಿ ಮೈದಾಳಿದ ಅಭಿವ್ಯಕ್ತಿ, ಮುದ್ರಣಾದಿ ರೂಪದಲ್ಲಿ ಬಂದ ಪ್ರಕಟರೂಪ, ನಮ್ಮ ಕೈಯಲ್ಲಿರುವ ಪ್ರತಿ. ವಸ್ತುಸಂಗ್ರಹಾಲಯಗಳ ಕಡೆಯಿಂದ ಬಂದುದು 'ಸಿಡಾಕ್ ಸಿಆರ್‌ಎಂ' ಎಂಬ ವ್ಯವಸ್ಥೆ. ಇದು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇವೆರಡನ್ನೂ ಕೂಡಿಸಿ ಮುಂದೆ ಮತ್ತೊಂದು ಮಾದರಿ ರಚಿತವಾಯಿತು. ಅದರಲ್ಲಿ ಪ್ರದರ್ಶನಕ್ಕೂ ಸ್ಥಾನವಿದೆ. ಸ್ವಿಟ್ಜರ್ಲೆಂಡಿನಲ್ಲಿ ನಾಟಕಸಂಗ್ರಹವೂ ನೃತ್ಯಸಂಗ್ರಹವೂ ೨೦೧೭ರಲ್ಲಿ ಒಂದಾಗಿ ಹುಟ್ಟಿದ ಪ್ರದರ್ಶನಕಲೆಗಳ ದಾಖಲಾಲಯವು ಇಂಥ ಮಾದರಿಗಳನ್ನೇ ಆಧಾರವಾಗಿಟ್ಟುಕೊಂಡಿತು. ಆಸ್ಟ್ರೇಲಿಯದ 'ಆಸ್‌ಸ್ಟೇಜ್' ಎಂಬ ದತ್ತಾಂಶಸಂಗ್ರಹವು ಪ್ರದರ್ಶನವನ್ನು ಕೇಂದ್ರದಲ್ಲಿಟ್ಟು ಅದಕ್ಕೆ ಕಲಾವಿದರು, ಸಂಸ್ಥೆಗಳು, ರಂಗಮಂದಿರಗಳು ಇವುಗಳನ್ನು ಜೋಡಿಸುತ್ತದೆ. ೨೦೧೨ರಲ್ಲಿ ಆರಂಭವಾದ 'ವಿಕಿಡೇಟಾ'ದಲ್ಲಿ ಯಾರು ಬೇಕಾದರೂ ಇಂಥ ಸಂಗತಿಗಳನ್ನು ಸೇರಿಸಬಹುದು. ಇನ್ನು ಪದಗಳ ಪಟ್ಟಿಗಳನ್ನು ಯಂತ್ರವು ಓದುವಂತೆ ಬರೆಯುವ 'ಸ್ಕಾಸ್' ಎಂಬ ಮಾನಕವು ೨೦೦೯ರದು. ಅದರ ಮುಖ್ಯ ತತ್ತ್ವವೆಂದರೆ, ಪರಿಕಲ್ಪನೆಗೆ ಒಂದು ಸ್ಥಿರವಾದ ಸಂಕೇತ, ಪ್ರತಿ ಭಾಷೆಯಲ್ಲಿಯೂ ಅದಕ್ಕೆ ಒಂದೇ ಒಂದು ಮಾನ್ಯವಾದ ಹೆಸರು, ಉಳಿದವುಗಳು ಪರ್ಯಾಯನಾಮಗಳು.

ಈ ವ್ಯವಸ್ಥೆಗಳಲ್ಲಿ ನಮಗೆ ಮೆಚ್ಚುಗೆಯಾಗುವ ಅಂಶಗಳಿಲ್ಲದೆ ಇಲ್ಲ. 'ಸಿಆರ್‌ಎಂ' ವ್ಯವಸ್ಥೆಯು ವಸ್ತುವನ್ನು ಅದು ಭಾಗಿಯಾದ ಘಟನೆಗಳ ಮೂಲಕ ವಿವರಿಸುತ್ತದೆ. ಹಸ್ತಪ್ರತಿಯ ಪುಷ್ಪಿಕೆಯೂ ಅದನ್ನೇ ಮಾಡುತ್ತದಲ್ಲವೆ? ಇಂಥ ಸಂವತ್ಸರದ ಇಂಥ ತಿಥಿಯಲ್ಲಿ ಇಂಥವರು ಬರೆಯಿಸಿ, ಇಂಥವರು ಬರೆದು, ಇಂಥ ಮುನಿಗಳಿಗೆ ಶಾಸ್ತ್ರದಾನವಾಗಿ ಕೊಟ್ಟುದು ಎಂಬ ವಾಕ್ಯದಲ್ಲಿ ಮೂರು ಘಟನೆಗಳಿವೆ, ಮೂವರು ವ್ಯಕ್ತಿಗಳಿದ್ದಾರೆ. ನಮ್ಮ ಸೂಚಿಗಳು ಇದನ್ನೆಲ್ಲ 'ಕಾಲ' ಎಂಬ ಒಂದು ಅಂಕಣಕ್ಕೆ ಇಳಿಸಿಬಿಡುತ್ತಿದ್ದುವು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧ ಸಂಗತಿಯನ್ನು ಹೇಳಲು ಹಳೆಯ ಸೂಚಿಯಲ್ಲಿ ಅಂಕಣವಿಲ್ಲ. ಘಟನಾಪ್ರಧಾನವಾದ ವ್ಯವಸ್ಥೆಯಲ್ಲಿ ಅದು ಸಹಜವಾಗಿ ಕೂರುತ್ತದೆ. ಮತ್ತೊಂದು ಗುಣ: ಯಾರು, ಯಾವ ಆಧಾರದಿಂದ ಹೀಗೆಂದು ಹೇಳಿದರು ಎಂಬುದನ್ನೂ ಅಲ್ಲಿ ಒಂದು ಘಟನೆಯಾಗಿ ದಾಖಲಿಸಬಹುದು. ಪಾರ್ತಿಸುಬ್ಬನ ಕಾಲ, ದೇಶ, ಕರ್ತೃತ್ವಗಳನ್ನು ಕುರಿತು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಮೊದಲಾದ ವಿದ್ವಾಂಸರು ನಡೆಸಿದ ವಾದವು ಎಷ್ಟು ದೀರ್ಘವಾದುದೆಂಬುದು ವಾಚಕರಿಗೆ ತಿಳಿದದ್ದೇ. 'ಕರ್ತೃ' ಎಂಬ ಅಂಕಣದಲ್ಲಿ ಒಂದು ಹೆಸರನ್ನು ಬರೆದು ಕೈತೊಳೆದುಕೊಂಡರೆ ಆ ವಾದವೇ ಮುಚ್ಚಿಹೋಗುತ್ತದೆ. ಎರಡು ಅಭಿಪ್ರಾಯಗಳನ್ನೂ ಅವುಗಳ ಪ್ರತಿಪಾದಕರೊಡನೆ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಅದು ವಿದ್ವತ್ತಿಗೆ ಸಹಾಯಕ.

ಇಷ್ಟನ್ನು ಒಪ್ಪಿದ ಮೇಲೆ ದೋಷಗಳ ಕಡೆಗೆ ಬರಬೇಕು. ಕೃತಿ–ಅಭಿವ್ಯಕ್ತಿ–ಪ್ರತಿ ಎಂಬ ಮೆಟ್ಟಿಲುಗಳು ಲಿಖಿತವಾದ ಪಾಠವೊಂದು ಇದೆ, ಅದನ್ನು ನಟರು ಒಪ್ಪಿಸುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಯಕ್ಷಗಾನದ ಪ್ರಸಂಗದಲ್ಲಿ ಬರೆದಿರುವುದು ಪದಗಳು ಮಾತ್ರ. ರಾಗತಾಳಗಳ ಹೆಸರು ಅವುಗಳ ತಲೆಯ ಮೇಲೆ ಇರುತ್ತದೆ. ಮಾತೆಲ್ಲ ಆಶುವಾದುದು. ತಾಳಮದ್ದಳೆಯ ಕೂಟದಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಒಂದು ಪದವನ್ನು ಆಧರಿಸಿ ಅರ್ಧ ಗಂಟೆ ಅರ್ಥ ಹೇಳಿದರೆ ಆ ಅರ್ಧ ಗಂಟೆಯ ಮಾತು ಯಾವ ಅಭಿವ್ಯಕ್ತಿಗೆ ಸೇರಿದುದು? ಪ್ರಸಂಗಕರ್ತೃವಿನದೆನ್ನುವಂತಿಲ್ಲ. ಅರ್ಥಧಾರಿಯ ಸ್ವತಂತ್ರಕೃತಿಯೆನ್ನೋಣವೆಂದರೆ ಪದದ ಚೌಕಟ್ಟನ್ನು ಅವನು ಮೀರುವಂತಿಲ್ಲ. ಪಾಶ್ಚಾತ್ಯ ಮಾದರಿಗಳು ಜಾಝ್ ಮೊದಲಾದ ಸಂಗೀತಕ್ಕಾಗಿ ಆಶುಪ್ರದರ್ಶನದ ವಿಷಯವನ್ನು ಸ್ವಲ್ಪ ಯೋಚಿಸಿವೆಯಾದರೂ, ಹಾಡು ಲಿಖಿತ, ಮಾತು ಅಲಿಖಿತ, ಎರಡೂ ಸೇರಿ ಒಂದೇ ಆಟ ಎಂಬ ಈ ಹೆಣಿಗೆ ಅವುಗಳ ಮೆಟ್ಟಿಲುಗಳಲ್ಲಿ ಸುಲಭವಾಗಿ ಇಳಿಯುವುದಿಲ್ಲ.

ಇನ್ನೊಂದು ಮೆಟ್ಟಿಲಿನ ಮಾತು. ನಾಟಕಗಳ ದತ್ತಾಂಶದಲ್ಲಿ ಕೃತಿಗೂ ಒಂದೊಂದು ದಿನದ ಪ್ರದರ್ಶನಕ್ಕೂ ನಡುವೆ 'ಪ್ರಯೋಗ' ಎಂಬ ನೆಲೆಯೊಂದನ್ನು ಇಡುತ್ತಾರೆ. ನಿರ್ದೇಶಕನೊಬ್ಬನು ಕೃತಿಯನ್ನು ಆಯ್ದು, ಪಾತ್ರಗಳನ್ನು ಹಂಚಿ, ಅಭ್ಯಾಸ ಮಾಡಿಸಿ, ಪ್ರಥಮ ಪ್ರದರ್ಶನದಿಂದ ಕೊನೆಯ ಪ್ರದರ್ಶನದವರೆಗೆ ನಡೆಸುವುದು ಪ್ರಯೋಗ. ಬೆರ್ನ್ ನಗರದ ರಂಗಮಂದಿರಕ್ಕೆ ಇದು ಸರಿ. ಕಟೀಲಿನ ಅಥವಾ ಮಂದಾರ್ತಿಯ ಹರಕೆಯಾಟಕ್ಕೆ? ಅಲ್ಲಿ ಆಟವನ್ನು ಆಡಿಸುವವರು ಹರಕೆ ಹೊತ್ತ ಮನೆಯವರು. ಪ್ರಸಂಗವನ್ನು ಆಯುವುದರಲ್ಲಿ ಅವರ ಅಪೇಕ್ಷೆಗೆ ಬೆಲೆಯುಂಟು. ವೇಷಗಳ ಹಂಚಿಕೆ ಮೇಳದೊಳಗಿನ ಸ್ಥಾನಮಾನವನ್ನು ಅನುಸರಿಸಿ ಆಗುತ್ತದೆ. ಅದೇ ಮೇಳ ಅದೇ ಪ್ರಸಂಗವನ್ನು ವಾರದ ಮೇಲೆ ಮತ್ತೊಂದು ಊರಿನಲ್ಲಿ ಆಡಿದಾಗ ವೇಷಧಾರಿಗಳು ಬದಲಾಗಬಹುದು, ಪದಗಳು ಹೆಚ್ಚುಕಡಮೆಯಾಗಬಹುದು; ಎರಡು ಪ್ರಸಂಗಗಳನ್ನು ಕೂಡಿಸಿ ರಾತ್ರಿಯೊಂದನ್ನು ತುಂಬುವುದೂ ಉಂಟು. ಪ್ರಥಮ ಪ್ರದರ್ಶನವೆಂಬುದಕ್ಕೆ ಇಲ್ಲಿ ಅರ್ಥವೇ ಇಲ್ಲ. ನಮೂನೆ ಕೇಳುತ್ತದೆಂಬ ಕಾರಣಕ್ಕೆ 'ನಿರ್ದೇಶಕ' ಎಂಬಲ್ಲಿ ಭಾಗವತನ ಹೆಸರನ್ನೂ 'ನಿರ್ಮಾಪಕ' ಎಂಬಲ್ಲಿ ದೇವಸ್ಥಾನದ ಹೆಸರನ್ನೂ ತುಂಬಿಸಿ, ಹರಕೆ ಹೊತ್ತ ಮನೆಯನ್ನು ಬಿಟ್ಟುಬಿಟ್ಟರೆ, ಆಟ ಏಕೆ ನಡೆಯಿತೆಂಬುದೇ ದಾಖಲೆಯಿಂದ ಅಳಿಸಿಹೋಗುತ್ತದೆ. ಹಸ್ತಪ್ರತಿಯಲ್ಲಿ ಬರೆಯಿಸಿದವನ ಹೆಸರನ್ನು ಬಿಟ್ಟು ಬರೆದವನನ್ನು ಮಾತ್ರ ನಮೂದಿಸಿದಂತೆ ಇದು.

ಪದಗಳ ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದುದು. 'ವೇಷ' ಎಂಬ ಒಂದು ಮಾತನ್ನು ತೆಗೆದುಕೊಳ್ಳೋಣ. ಉಡುಗೆ, ಕಿರೀಟ, ಮುಖವರ್ಣಿಕೆಗಳು ವೇಷ. ಅವುಗಳನ್ನು ತೊಟ್ಟು ಬರುವ ಪಾತ್ರವೂ ವೇಷ. ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ ಎಂಬಲ್ಲಿ ಅದು ಪಾತ್ರದ ಜಾತಿ. 'ಮೇಳದಲ್ಲಿ ಒಳ್ಳೆಯ ವೇಷಗಳಿವೆ' ಎಂದರೆ ಕಲಾವಿದರು. ಬಡಗುತಿಟ್ಟಿನಲ್ಲಿ 'ಎರಡನೆಯ ವೇಷ' ಎಂದರೆ ಮುಮ್ಮೇಳದ ಪ್ರಧಾನ ವೇಷಧಾರಿಯ ಸ್ಥಾನ. ಹಾಗಾದರೆ ಒಂದನೆಯ ವೇಷ ಯಾರು? ಯಾವ ವೇಷವನ್ನೂ ತೊಡದ ಭಾಗವತ! ಹೊರಗಿನವರಿಗೆ ಇದು ವಿನೋದವಾಗಿ ತೋರಬಹುದು. ಆದರೆ ಒಂದು ಕಲೆಯಲ್ಲಿ ಯಾರು ಯಾರನ್ನು ನಡೆಸುತ್ತಾರೆಂಬ ಸತ್ಯವು ಆ ಎಣಿಕೆಯಲ್ಲಿದೆ. ಸಾಮಾನ್ಯ ಪದಾವಳಿಯು 'ವೇಷ' ಎಂಬುದಕ್ಕೆ ಒಂದು ಸಂಕೇತವನ್ನು ಕೊಟ್ಟು ಅದರ ಆಂಗ್ಲ ಸಮಾನಪದವನ್ನು 'ಕಾಸ್ಟ್ಯೂಮ್' ಎಂದು ಬರೆದರೆ ಉಳಿದ ನಾಲ್ಕು ಅರ್ಥಗಳು ಯಂತ್ರಕ್ಕೆ ಅಗೋಚರವಾಗುತ್ತವೆ. ಐದು ಸಂಕೇತಗಳನ್ನು ಕೊಟ್ಟರೆ ಅವು ಐದೂ ಒಂದೇ ಮಾತಿನ ಕವಲುಗಳೆಂಬುದು ಮರೆಯಾಗುತ್ತದೆ. 'ಸ್ಕಾಸ್' ವ್ಯವಸ್ಥೆಯಲ್ಲಿ ಪರಿಕಲ್ಪನೆಗಳ ನಡುವೆ ಸಂಬಂಧವನ್ನು ಹೇಳಲು ಅವಕಾಶವಿದೆ. ಆದರೆ 'ಸಂಬಂಧವಿದೆ' ಎಂದಷ್ಟೇ ಹೇಳಬಹುದು. ಎಂಥ ಸಂಬಂಧವೆಂಬುದನ್ನು ಹೇಳಬೇಕಾದರೆ ನಾವೇ ಹೊಸ ಸಂಬಂಧಗಳನ್ನು ನಿರ್ಮಿಸಿಕೊಳ್ಳಬೇಕು.

ಇಲ್ಲಿ ಜೈನಪರಂಪರೆಯ ನಿಕ್ಷೇಪಪದ್ಧತಿ ನೆನಪಿಗೆ ಬರುವುದು ಸಹಜ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ಬಗೆಗಳಲ್ಲಿ ಶಬ್ದವನ್ನು ಬಿಡಿಸಿ, ಪ್ರಕೃತದಲ್ಲಿ ಯಾವುದು ವಿವಕ್ಷಿತ, ಯಾವುದು ಅಲ್ಲ ಎಂಬುದನ್ನು ನಿರ್ಣಯಿಸುವುದು ಅದರ ಪ್ರಯೋಜನ. ಅನುಯೋಗದ್ವಾರಸೂತ್ರದಲ್ಲಿ 'ಶ್ರುತ' ಎಂಬ ಶಬ್ದಕ್ಕೆ ನಿಕ್ಷೇಪವನ್ನು ಮಾಡುವಾಗ ಪತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ಬರೆದಿಟ್ಟುದನ್ನು ದ್ರವ್ಯಶ್ರುತವೆಂದು ಹೇಳಿದೆ. ಗ್ರಂಥಾಲಯ ಒಕ್ಕೂಟದವರು ೧೯೯೮ರಲ್ಲಿ 'ಪ್ರತಿ'ಯನ್ನು 'ಕೃತಿ'ಯಿಂದ ಬೇರ್ಪಡಿಸಿದುದಕ್ಕೂ ಇದಕ್ಕೂ ಸಾಮ್ಯವಿದೆಯೆಂದು ಹೇಳಿ ನಮ್ಮವರು ಎಲ್ಲವನ್ನೂ ಮೊದಲೇ ಕಂಡಿದ್ದರೆಂದು ಹೆಮ್ಮೆಪಡುವುದು ನಮಗೆ ಇಷ್ಟವಿಲ್ಲ. ಎರಡರ ಪ್ರಯೋಜನಗಳೂ ಬೇರೆ. ನಿಕ್ಷೇಪದಿಂದ ಕಲಿಯಬೇಕಾದುದು ಒಂದು ಕ್ರಮವನ್ನು ಮಾತ್ರ: ಒಂದು ಶಬ್ದಕ್ಕೆ ಸಮಾನಪದವನ್ನು ಹುಡುಕುವ ಮೊದಲು ಆ ಶಬ್ದವು ಬಳಕೆಯಲ್ಲಿ ಎಷ್ಟು ಕಡೆ ಹೆಜ್ಜೆಯಿಡುತ್ತದೆ ಎಂಬುದನ್ನು ಬರೆದಿಡಬೇಕು.

ಅದನ್ನು ಬರೆದಿಡದೆ ಪಟ್ಟಿಯನ್ನು ಮಾತ್ರ ಉಳಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಆಗಮಸಾಹಿತ್ಯದಲ್ಲಿಯೇ ದೊಡ್ಡ ನಿದರ್ಶನವಿದೆ. ರಾಜಪ್ರಶ್ನೀಯಸೂತ್ರದಲ್ಲಿ (ಪ್ರಾಕೃತದಲ್ಲಿ ರಾಯಪಸೇಣಿಯ) ಸೂರ್ಯಾಭದೇವನು ಮಹಾವೀರಸ್ವಾಮಿಯ ಮುಂದೆ ಮೂವತ್ತೆರಡು ನಾಟ್ಯವಿಧಿಗಳನ್ನು ಪ್ರದರ್ಶಿಸಿದ ವರ್ಣನೆಯಿದೆ. ಸ್ವಸ್ತಿಕ, ಶ್ರೀವತ್ಸ, ನಂದ್ಯಾವರ್ತಾದಿ ಅಷ್ಟಮಂಗಲಗಳ ಆಕೃತಿಯ ನಾಟ್ಯದಿಂದ ಅದು ಆರಂಭವಾಗುತ್ತದೆ. ನಡುವೆ ಕಕಾರಾದಿ ವರ್ಗಾಕ್ಷರಗಳ ಆಕೃತಿಯ ನಾಟ್ಯಗಳೂ ಬರುತ್ತವೆ. ಕೊನೆಯದು ಮಹಾವೀರನ ಚರಿತೆಯನ್ನೇ ಅಭಿನಯಿಸುವುದು. ಹೆಸರುಗಳು ಸುರಕ್ಷಿತವಾಗಿ ಬಂದಿವೆ. ಒಂದೊಂದು ಹಸ್ತಪ್ರತಿಯೂ ಅವುಗಳನ್ನು ಭಕ್ತಿಯಿಂದ ನಕಲು ಮಾಡಿದೆ. ಆದರೆ ಕಕಾರದ ಆಕೃತಿಯಲ್ಲಿ ನರ್ತಕರು ನಿಲ್ಲುತ್ತಿದ್ದರೆ, ಚಲಿಸುತ್ತಿದ್ದರೆ, ಯಾವ ಲಿಪಿಯ ಕಕಾರ ಅದು ಎಂಬುದು ಪಟ್ಟಿಯಿಂದ ತಿಳಿಯದು. ಟೀಕಾಕಾರನಾದ ಮಲಯಗಿರಿಯ ಕಾಲಕ್ಕೆ, ಎಂದರೆ ಹನ್ನೆರಡನೆಯ ಶತಮಾನಕ್ಕೆ, ಅವುಗಳನ್ನು ವಿವರಿಸುವ ಮೂಲವೇ ದೊರೆಯದಾಗಿತ್ತು. ಮೂವತ್ತೆರಡು ಪದಗಳ ಅಚ್ಚುಕಟ್ಟಾದ ಪದಾವಳಿ ಉಳಿಯಿತು, ಕಲೆ ಉಳಿಯಲಿಲ್ಲ. ಇಂದಿನ ಪದಾವಳಿಗಳಲ್ಲಿ ಪ್ರತಿ ಪರಿಕಲ್ಪನೆಗೂ ವ್ಯಾಪ್ತಿಯನ್ನು ಸೂಚಿಸುವ ಟಿಪ್ಪಣಿಗೆ ಸ್ಥಳವಿರುತ್ತದೆ. ಆದರೆ ಎಷ್ಟೋ ಕಡೆ ಅದು ಖಾಲಿಯಾಗಿರುತ್ತದೆ, ಅಥವಾ ಒಂದು ಪಂಕ್ತಿಯಲ್ಲಿ ಮುಗಿಯುತ್ತದೆ. ಹೆಸರನ್ನು ಸೇರಿಸುವುದು ನಿಮಿಷದ ಕೆಲಸ. ಟಿಪ್ಪಣಿ ಬರೆಯುವುದಕ್ಕೆ ಕಲಾವಿದನ ಬಳಿಯಲ್ಲಿ ದಿನಗಟ್ಟಲೆ ಕೂರಬೇಕು.

ಸಂಖ್ಯೆಯನ್ನು ಒಂದೇ ಮಾಡಬೇಕೆಂಬ ಆತುರವೂ ಹಿಂದೆ ಇರಲಿಲ್ಲ. ಧನಂಜಯನು ರೂಪಕಗಳು ಹತ್ತೆಂದು ತನ್ನ ಗ್ರಂಥದ ಹೆಸರಿನಲ್ಲಿಯೇ ಸಾರಿದನು. ಹೇಮಚಂದ್ರನ ಶಿಷ್ಯರಾದ ರಾಮಚಂದ್ರ–ಗುಣಚಂದ್ರರು ನಾಟ್ಯದರ್ಪಣದಲ್ಲಿ ನಾಟಿಕೆ, ಪ್ರಕರಣಿಗಳನ್ನು ಸೇರಿಸಿ ಹನ್ನೆರಡೆಂದರು. ಮಂಗಲಪದ್ಯದಲ್ಲಿ ಜಿನವಾಣಿಯನ್ನು ದ್ವಾದಶರೂಪಳೆಂದು ಸ್ತುತಿಸಿ ಆ ಎಣಿಕೆಯನ್ನು ಚಮತ್ಕಾರದಿಂದ ಬೆಸೆದರು. ಅವರ ಗುರುವೋ ಕಾವ್ಯಾನುಶಾಸನದಲ್ಲಿ ಪ್ರೇಕ್ಷ್ಯವನ್ನು ಪಾಠ್ಯ, ಗೇಯ ಎಂದು ಬೇರೆ ರೀತಿಯಲ್ಲಿಯೇ ಒಡೆದಿದ್ದನು. ಈ ಮೂರನ್ನೂ ಒಂದು ಮರದ ಕೊಂಬೆಗಳಾಗಿ ಜೋಡಿಸಲು ಹೊರಟರೆ ಯಾವುದೋ ಒಂದನ್ನು ಕತ್ತರಿಸಬೇಕಾಗುತ್ತದೆ. ಮೂರು ಪ್ರತ್ಯೇಕ ಯೋಜನೆಗಳಾಗಿ ಇರಿಸಿ ಅವುಗಳ ನಡುವೆ ಹೋಲಿಕೆಯನ್ನು ಗುರುತಿಸುವುದೇ ಉಚಿತ. ಸಂತೋಷದ ಸಂಗತಿಯೆಂದರೆ 'ಸ್ಕಾಸ್' ಇದಕ್ಕೆ ಅವಕಾಶ ಕೊಡುತ್ತದೆ. ದುಃಖದ ಸಂಗತಿಯೆಂದರೆ ಬಳಸುವವರು ಸಾಮಾನ್ಯವಾಗಿ ಒಂದೇ ಮರವನ್ನು ಬಯಸುತ್ತಾರೆ.

ವಾದ್ಯಗಳ ವರ್ಗೀಕರಣದಲ್ಲಿ ಸಾಮಾನ್ಯ ಪದಾವಳಿಯು ಯಶಸ್ಸನ್ನು ಪಡೆದಿದೆಯೆಂಬುದನ್ನು ಒಪ್ಪಲೇಬೇಕು. ಭರತನ ತತ, ಅವನದ್ಧ, ಘನ, ಸುಷಿರಗಳೆಂಬ ನಾಲ್ಕು ವರ್ಗಗಳು ಎಲ್ಲರಿಗೂ ಪರಿಚಿತ. ಬಂಗಾಳದ ಸೌರೀಂದ್ರಮೋಹನ ಠಾಕೂರರು ೧೮೭೬ರಲ್ಲಿ ಬೆಲ್ಜಿಯಮಿನ ದೊರೆಗೆ ಭಾರತೀಯ ವಾದ್ಯಗಳ ಸಂಗ್ರಹವೊಂದನ್ನು ಕಳುಹಿಸಿಕೊಟ್ಟರು. ಬ್ರಸೆಲ್ಸಿನಲ್ಲಿ ಆ ವಾದ್ಯಗಳು ಸೇರಿದ ಸಂಗ್ರಹದ ಪಾಲಕನಾಗಿದ್ದ ಮಾಹಿಯೋನನು ೧೮೮೦ರಲ್ಲಿ ಹೊರತಂದ ಸೂಚಿಯಲ್ಲಿ ಅಂಥದೇ ನಾಲ್ಕು ವರ್ಗಗಳಿವೆ. ಅದನ್ನು ವಿಸ್ತರಿಸಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬಿಬ್ಬರು ೧೯೧೪ರಲ್ಲಿ ದಶಮಾಂಶಸಂಖ್ಯೆಗಳ ವರ್ಗೀಕರಣವನ್ನು ರೂಪಿಸಿದರು. ಯುರೋಪಿನ ವಾದ್ಯಸಂಗ್ರಹಾಲಯಗಳ ಒಕ್ಕೂಟವು ೨೦೧೧ರಲ್ಲಿ ಅದನ್ನು ಪರಿಷ್ಕರಿಸಿ ತನ್ನ ಅಂತರ್ಜಾಲದ ಸಂಗ್ರಹಕ್ಕೆ ಅಳವಡಿಸಿಕೊಂಡಿತು. ಸಂಖ್ಯೆಗೆ ಭಾಷೆಯ ಹಂಗಿಲ್ಲವಾದುದರಿಂದ ಜರ್ಮನಿಯಲ್ಲಿಯೂ ಮೈಸೂರಿನಲ್ಲಿಯೂ ಅದರ ಅರ್ಥ ಒಂದೇ. ಆದರೆ ಅದೇ ಸಂಖ್ಯೆಯನ್ನು ನಮ್ಮ ಚೆಂಡೆಗೆ ಹಚ್ಚಿ ನೋಡೋಣ. ಕೊಳವೆಯಾಕಾರದ, ಎರಡು ಮುಖಗಳಿಗೂ ಚರ್ಮವುಳ್ಳ ವಾದ್ಯಕ್ಕೆ ೨೧೧.೨೧೨ ಎಂಬ ಸಂಖ್ಯೆ. ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಯ ಬಂಧು. ಬಡಗಿನದು ಗಾತ್ರದಲ್ಲಿ ಚಿಕ್ಕದು, ನಾದದಲ್ಲಿ ಬೇರೆ, ನುಡಿಸುವ ಕ್ರಮವೂ ಬೇರೆ. ಸಂಖ್ಯೆಯೂ ಒಂದು, ಹೆಸರೂ ಒಂದು. ಕತ್ತಲೆಯಲ್ಲಿ ಒಂದು ಮೈಲಿ ದೂರದಿಂದ ಕೇಳಿದ ಹಳ್ಳಿಯವನಿಗೆ ಮಾತ್ರ ಅವು ಎಂದೂ ಒಂದಲ್ಲ. ವಸ್ತುವಿನ ಆಕಾರವನ್ನು ಹೇಳುವ ಪದಾವಳಿಯಿಂದ ವಾದ್ಯದ ಬಳಕೆಯನ್ನು ಹೇಳಿಸಲಾಗದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಪದಾವಳಿಗಳನ್ನು ಒಂದಕ್ಕೊಂದು ಕೊಂಡಿಹಾಕುವಲ್ಲಿ. 'ಸ್ಕ​ಾಸ್' ವ್ಯವಸ್ಥೆಯಲ್ಲಿ ಎರಡು ಪದಾವಳಿಗಳ ಪರಿಕಲ್ಪನೆಗಳನ್ನು 'ಸಂಪೂರ್ಣ ಸಮಾನ' ಎಂದೂ ಹೇಳಬಹುದು, 'ಸಮೀಪ' ಎಂದೂ ಹೇಳಬಹುದು. ಮೊದಲನೆಯದು ದಾಟಿಕೊಂಡು ಹೋಗುತ್ತದೆ: ಮೊದಲನೆಯದು ಎರಡನೆಯದಕ್ಕೂ ಎರಡನೆಯದು ಮೂರನೆಯದಕ್ಕೂ ಸಂಪೂರ್ಣ ಸಮಾನವೆಂದರೆ ಮೊದಲನೆಯದು ಮೂರನೆಯದಕ್ಕೂ ಸಮಾನವೆಂದು ಯಂತ್ರವು ತಾನಾಗಿಯೇ ತೀರ್ಮಾನಿಸುತ್ತದೆ. 'ಸಮೀಪ' ಎಂಬುದು ಹಾಗೆ ದಾಟುವುದಿಲ್ಲ. ಈಗ 'ಭಾಗವತ' ಎಂಬ ಪದವನ್ನು ನೋಡಿ. ಯಕ್ಷಗಾನದಲ್ಲಿ ಅವನು ಹಾಡುಗಾರ, ಸೂತ್ರಧಾರ, ಆಟದ ಗತಿಯನ್ನು ನಿಯಂತ್ರಿಸುವವನು. ಉತ್ತರ ಕರ್ನಾಟಕದ ಶ್ರೀಕೃಷ್ಣಪಾರಿಜಾತದಲ್ಲಿ ಭಾಗವತನು ರಂಗದ ಮೇಲೆ ದೂತಿಯೊಡನೆ ಸಂವಾದ ನಡೆಸುವವನೂ ಹೌದು. ತಮಿಳುನಾಡಿನ ಮೇಲಟ್ಟೂರಿನ ಭಾಗವತಮೇಳದಲ್ಲಿ ಆ ಹೆಸರು ಮೇಳಕ್ಕೇ ಸೇರಿದುದು. ಒಬ್ಬ ಸಹೃದಯ ಸ್ವಯಂಸೇವಕನು ಒಂದು ಭಾಗವತನನ್ನು ಇನ್ನೊಂದು ಭಾಗವತನಿಗೆ 'ಸಂಪೂರ್ಣ ಸಮಾನ' ಎಂದು ಗುರುತಿಸಿ, ಮತ್ತೊಬ್ಬನು ಅದನ್ನು 'ಗಾಯಕ'ನಿಗೆ ಜೋಡಿಸಿದರೆ, ದೂತಿಯೊಡನೆ ಹಾಸ್ಯವಾಡಿದವನೂ ಬರಿಯ ಗಾಯಕನಾಗುತ್ತಾನೆ. ಯಾರೊಬ್ಬರೂ ಆ ತಪ್ಪನ್ನು ಬರೆದಿರುವುದಿಲ್ಲ. ಅದು ಯಂತ್ರದ ತರ್ಕದಿಂದ ಹುಟ್ಟಿರುತ್ತದೆ. ಹಸ್ತಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನು ಪಾಠಾಂತರಗಳ ಸಹಾಯದಿಂದ ಪತ್ತೆಹಚ್ಚಬಹುದು. ಇಲ್ಲಿ ಲಿಪಿಕಾರನೇ ಇಲ್ಲ. ಆದುದರಿಂದ ನಮ್ಮ ಕಲೆಗಳ ಪದಗಳನ್ನು ಹೊರಗಿನ ಪದಾವಳಿಗಳಿಗೆ ಜೋಡಿಸುವವರು 'ಸಮೀಪ' ಎಂಬ ಸಂಬಂಧವನ್ನೇ ರೂಢಿಯಾಗಿ ಬಳಸಬೇಕೆಂದೂ 'ಸಂಪೂರ್ಣ ಸಮಾನ' ಎಂದು ಬರೆಯುವಾಗ ಆಧಾರವನ್ನು ಕೊಡಬೇಕೆಂದೂ ನಾವು ಒತ್ತಾಯಿಸುತ್ತೇವೆ. ಇದರಿಂದ ಹುಡುಕುವವನಿಗೆ ದೊರೆಯುವ ಫಲಿತಾಂಶಗಳು ಕಡಮೆಯಾಗುತ್ತವೆಂಬ ಆಕ್ಷೇಪ ನಿಜ. ಕಡಮೆಯಾಗಲಿ.

ಹಾಗಾದರೆ ನಮ್ಮದೇ ಪ್ರತ್ಯೇಕ ಪದಾವಳಿಯನ್ನು ಕಟ್ಟಿಕೊಂಡು ಹೊರಗಿನದನ್ನು ದೂರವಿಡಬೇಕೆಂದು ವಾದಿಸುವವರಿದ್ದಾರೆ. ಆ ವಾದವನ್ನೂ ನಾವು ಒಪ್ಪುವುದಿಲ್ಲ. ಹಳಗನ್ನಡ ಕಾವ್ಯಗಳಲ್ಲಿ ಬರುವ ಎಕ್ಕಲಗಾಣದ ಉಲ್ಲೇಖಗಳು, ಭರತೇಶವೈಭವದ ಪೂರ್ವನಾಟಕ, ಉತ್ತರನಾಟಕ ಸಂಧಿಗಳಲ್ಲಿ ರತ್ನಾಕರವರ್ಣಿಯು ಬಿಡಿಸಿಟ್ಟ ನೃತ್ಯವಿವರಗಳು, ಪಾರ್ಶ್ವದೇವನ ಸಂಗೀತಸಮಯಸಾರದ ದೇಶೀ ಪದಗಳು ಇವೆಲ್ಲ ಇಂದು ಬೇರೆಬೇರೆ ಗ್ರಂಥಗಳ ಪದಸೂಚಿಗಳಲ್ಲಿ ಚೆದರಿವೆ. ಸಂಗೀತಸಮಯಸಾರದ ಒಂದು ಪದವು ಯಕ್ಷಗಾನದ ಮೇಳದವರ ಬಾಯಲ್ಲಿ ಉಳಿದಿದೆಯೆ ಎಂದು ಕೇಳುವ ಸಂಶೋಧಕನಿಗೆ ಸ್ಥಿರಸಂಕೇತಗಳ ಸಾಮಾನ್ಯ ಪದಾವಳಿಯಷ್ಟು ಉಪಕಾರಿಯಾದ ಸಾಧನ ಇನ್ನೊಂದಿಲ್ಲ. ಕನ್ನಡದಲ್ಲಿ ಅದನ್ನು ಮಾಡಲು ವೇಷಧಾರಿಗಳೂ ಭಾಗವತರೂ ಹಸ್ತಪ್ರತಿಗಳನ್ನು ಬಲ್ಲವರೂ ಒಂದೆಡೆ ಕೂರಬೇಕು. ಮಾನ್ಯನಾಮ ಒಂದೇ ಇರಬೇಕೆಂಬ ನಿಯಮದಿಂದ ತೆಂಕು–ಬಡಗುಗಳ ನಡುವೆ ಜಗಳ ಬರುವುದು ಖಚಿತ. ಅಂಥಲ್ಲಿ ಎರಡು ಪರಿಕಲ್ಪನೆಗಳನ್ನೇ ಇರಿಸಿ ಸಮೀಪವೆಂದು ಗುರುತಿಸಿದರೆ ಜಗಳವೂ ತೀರುತ್ತದೆ, ಸತ್ಯವೂ ಉಳಿಯುತ್ತದೆ.

ಆ ಮನೆಯ ಪ್ರಸಂಗಪ್ರತಿಯ ವಿಷಯಕ್ಕೆ ಮರಳೋಣ. ನಾವು ಅದಕ್ಕೆ ಬೇರೊಂದು ವಿವರಪತ್ರವನ್ನು ಸಿದ್ಧಪಡಿಸಿದೆವು. ಓಲೆಯ ಬರವಣಿಗೆಯನ್ನು ಒಂದು ಘಟನೆಯೆಂದೂ, ಎರಡನೆಯ ಕೈಬರಹದ ತಾಳನಾಮಗಳನ್ನು ಪ್ರತ್ಯೇಕವಾದ ಎರಡನೆಯ ಘಟನೆಯೆಂದೂ, ಅಡ್ಡಗೆರೆಗಳನ್ನು ಪ್ರದರ್ಶನಕ್ಕಾಗಿ ಮಾಡಿದ ಆಯ್ಕೆಯೆಂದೂ ನಮೂದಿಸಿ, ಮನೆಯ ಹಿರಿಯರು ಕೊಟ್ಟ ವಿವರಣೆಯನ್ನು ಅವರ ಹೇಳಿಕೆಯೆಂದೇ ಗುರುತಿಸಿ, 'ಬಿಟ್ಟ ಪದ' ಎಂಬುದನ್ನು ಹೊಸ ಪರಿಕಲ್ಪನೆಯಾಗಿ ಸೇರಿಸಬೇಕೆಂದು ಕೋರಿ ಸಂಬಂಧಪಟ್ಟವರಿಗೆ ಕಳುಹಿಸಿದೆವು. ಸ್ವಲ್ಪ ಕಾಲದ ಮೇಲೆ ತಿದ್ದುಪಡಿ ಆಗಿದೆಯೆಂದು ತಿಳಿಯಿತು. ನೋಡಿದರೆ 'ಅಪೂರ್ಣ' ಎಂಬುದು ಮೊದಲಿನಂತೆಯೇ ಇದೆ. ನಮ್ಮ ವಿವರವೆಲ್ಲ 'ಷರಾ' ಎಂಬ ಅಂಕಣದಲ್ಲಿ, ಅಕ್ಷರಗಳ ಮಿತಿ ಮುಗಿದಲ್ಲಿಗೆ ತುಂಡಾಗಿ ನಿಂತಿದೆ. ಪ್ರಸಂಗಗಳ ಓಲೆಪ್ರತಿ ಅಥವಾ ಕಾಗದಪ್ರತಿಗಳನ್ನು ಇಟ್ಟುಕೊಂಡಿರುವ ವಾಚಕರು ತಮ್ಮ ಪ್ರತಿಗಳಲ್ಲಿ ಇಂಥ ಅಡ್ಡಗೆರೆಗಳು, ಬದಲಾದ ತಾಳನಾಮಗಳು, ಮೇಳದ ಅಥವಾ ಊರಿನ ಹೆಸರುಗಳು ಇದ್ದರೆ ಗರಿಯ ಸಂಖ್ಯೆಯೊಡನೆ ಬರೆದು ತಿಳಿಸಬೇಕಾಗಿ ಪ್ರಾರ್ಥನೆ. ಗೆರೆ ಪದದ ತಲೆಯ ಮೇಲಿದೆಯೆ, ಬದಿಯಲ್ಲಿದೆಯೆ ಎಂಬುದನ್ನೂ ದಯವಿಟ್ಟು ನಮೂದಿಸಬೇಕು.